ಯಾವ ಸೈನ್ಯ ಕಟ್ಟಲಿ? ಮೊದಲು ಕಾಲಾಳನ್ನು ನೋಡಿ

ಪ್ರಶ್ನೆ: ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ವಾರ್‌ಹ್ಯಾಮರ್ ಏಜ್ ಆಫ್ ಸಿಗ್ಮಾರ್ ಆಡಲು ಶುರು ಮಾಡಬೇಕು ಅಂತಿದ್ದೇನೆ. ನನಗೆ ಇಲಿಗಳ ಸೈನ್ಯ ಸ್ಕೇವೆನ್ ಇಷ್ಟ. ಗೆಳೆಯ ಮಾತ್ರ ‘ಬಂಗಾರದ ಕವಚದ ಸ್ಟಾರ್ಮ್‌ಕಾಸ್ಟ್ ತಗೋ, ಅದೇ ಗೆಲ್ಲೋದು’ ಅನ್ನುತ್ತಾನೆ. ಯಾವುದನ್ನು ಆರಿಸಲಿ? (ಡೊಂಬಿವಲಿಯ ಓದುಗರೊಬ್ಬರು)

ಗೆಲ್ಲುವ ಸೈನ್ಯ ಅಂತ ಕಾಯಂ ಆಗಿ ಯಾವುದೂ ಇಲ್ಲ. ಈ ಆಟದಲ್ಲಿ ಪ್ರತಿ ತುಕಡಿಗೂ ಇಷ್ಟು ಪಾಯಿಂಟ್ ಅಂತ ಬೆಲೆ ಇರುತ್ತದೆ. ಎರಡೂ ಕಡೆಯವರು ಒಂದೇ ಮೊತ್ತಕ್ಕೆ, ದೊಡ್ಡ ಆಟವಾದರೆ 2000 ಪಾಯಿಂಟಿಗೆ, ಸೈನ್ಯ ಕಟ್ಟುತ್ತಾರೆ. ಯಾವ ಸೈನ್ಯ ಜಾಸ್ತಿ ಗೆಲ್ಲುತ್ತಿದೆಯೋ ಅದರ ಪಾಯಿಂಟನ್ನು ಆಟದ ಕಂಪನಿ ಗೇಮ್ಸ್ ವರ್ಕ್‌ಶಾಪ್ ಆಗಾಗ ಏರಿಸುತ್ತದೆ, ಸೋಲುತ್ತಿರುವುದರದ್ದು ಇಳಿಸುತ್ತದೆ. ನೀವು ಇವತ್ತು ಬಲಶಾಲಿ ಸೈನ್ಯ ಕೊಂಡು, ಅಂಟಿಸಿ, ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಅದು ಸಾಧಾರಣ ಸೈನ್ಯ ಆಗಿರಬಹುದು.

ನಿಯಮ ಬದಲಾಗುವುದು ಬಿಡಿ, ಆಟವೇ ಬದಲಾಗುತ್ತದೆ. 1983ರಲ್ಲಿ ಶುರುವಾದ ಹಳೇ ವಾರ್‌ಹ್ಯಾಮರ್ ಫ್ಯಾಂಟಸಿಯನ್ನು ಗೇಮ್ಸ್ ವರ್ಕ್‌ಶಾಪ್ 2015ರಲ್ಲಿ ನಿಲ್ಲಿಸಿ ಏಜ್ ಆಫ್ ಸಿಗ್ಮಾರ್ ತಂದಿತು. ಅಸ್ಥಿಪಂಜರಗಳ ಟೂಂಬ್ ಕಿಂಗ್ಸ್ ಸೈನ್ಯ ಕಟ್ಟಿದ್ದವರು ಹೊಸ ಆಟದಲ್ಲಿ ಜಾಗ ಉಳಿಯದೆ ನಡುಬೀದಿಯಲ್ಲಿ ನಿಂತರು. 2024ರ ಜನವರಿಯಲ್ಲಿ ಹಳೇ ಆಟ ದಿ ಓಲ್ಡ್ ವರ್ಲ್ಡ್ ಅನ್ನುವ ಹೆಸರಲ್ಲಿ ಮರಳಿ ಬಂದಾಗ ಮೊದಲ ಸಾಲಿನಲ್ಲೇ ಟೂಂಬ್ ಕಿಂಗ್ಸ್ ವಾಪಸ್! ಬಣ್ಣ ಹಚ್ಚಿ ಜೋಪಾನವಾಗಿ ಇಟ್ಟವರ ಬೊಂಬೆ ಮತ್ತೆ ಮೇಜಿಗೆ ಬಂತು. ನಡುವಿನ ವರ್ಷಗಳಲ್ಲೂ ಹಲವರು ಅದೇ ಬೊಂಬೆಗಳನ್ನು ಕಿಂಗ್ಸ್ ಆಫ್ ವಾರ್ ಆಟದಲ್ಲಿ ಓಡಿಸಿದರು. ಯಾವ ಕಂಪನಿಯ ಬೊಂಬೆಯಾದರೂ ಅಲ್ಲಿ ನಡೆಯುತ್ತದೆ.

ಹಾಗಾದರೆ ಏನು ನೋಡಿ ಆರಿಸಬೇಕು? ಪೆಟ್ಟಿಗೆಯ ಮೇಲೆ ರಾಜನೋ ಡ್ರ್ಯಾಗನ್ನೋ ಇರುತ್ತದೆ. ಅದಕ್ಕೆ ಮರುಳಾಗಬೇಡಿ. ರಾಜ ಒಬ್ಬನೇ, ಅವನಿಗೆ ಬಣ್ಣ ಹಚ್ಚುವುದು ಎರಡು ಭಾನುವಾರದ ಸಂಭ್ರಮ. ನಿಮ್ಮ ಸಂಜೆಗಳೆಲ್ಲ ಹೋಗುವುದು ಕಾಲಾಳುಗಳಿಗೆ. ಅದೇ ಮುಖ, ಅದೇ ಬೆಲ್ಟು, ಅದೇ ಗುರಾಣಿ, ಇಪ್ಪತ್ತು ಸಲ. ಇಪ್ಪತ್ತನೆಯವನನ್ನು ಕೈಗೆತ್ತಿಕೊಂಡಾಗಲೂ ಬೇಜಾರಾಗದ ಕಾಲಾಳು ಯಾವ ಸೈನ್ಯದಲ್ಲಿದ್ದಾನೋ, ಅದೇ ನಿಮ್ಮ ಸೈನ್ಯ.

ಇದರಲ್ಲಿ ಇಲಿಗಳ ಅನುಕೂಲ ದೊಡ್ಡದು. ಮೈತುಂಬ ತುಪ್ಪಳ, ಹರಕು ಬಟ್ಟೆ, ತುಕ್ಕು ಹಿಡಿದ ಕತ್ತಿ. ಕಂದು ಬಣ್ಣ ಬಳಿದು, ಮೇಲೆ ವಾಶ್ ಅನ್ನುವ ನೀರಾದ ಕಡು ಬಣ್ಣ ಹರಿಸಿದರೆ ಸಂದುಗಳಲ್ಲಿ ತಾನೇ ನೆರಳು ಕೂರುತ್ತದೆ. ಒಣಗಿದ ಮೇಲೆ ಬ್ರಶ್ಶಿನ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಉಳಿದ ಚೂರು ತಿಳಿ ಬಣ್ಣದಿಂದ ಮೇಲ್ಮೇಲೆ ಸವರಿ. ಇದಕ್ಕೆ ಡ್ರೈಬ್ರಶ್ ಅನ್ನುತ್ತಾರೆ. ಕೂದಲೆಳೆಗಳು ಒಂದೊಂದಾಗಿ ಎದ್ದು ಬರುತ್ತವೆ. ಕೈ ತಪ್ಪಿ ಕಲೆಯಾದರೂ ಚಿಂತೆಯಿಲ್ಲ, ಇಲಿ ಗಲೀಜಾಗಿದ್ದಷ್ಟೂ ಚೆಂದ. ಅಸ್ಥಿಪಂಜರ, ಹಲ್ಲಿಮೈಯ ಸೆರಾಫಾನ್ ಇವಕ್ಕೂ ಇದೇ ಉಪಾಯ ನಡೆಯುತ್ತದೆ. ಸ್ಟಾರ್ಮ್‌ಕಾಸ್ಟರದು ನಯವಾದ ಅಗಲ ಕವಚ. ಒಂದೇ ಬಂಗಾರದ ಬಣ್ಣದಲ್ಲಿ ಬೇಗ ಮುಗಿಯುತ್ತದೆ ನಿಜ, ಆದರೆ ಬಣ್ಣ ದಪ್ಪವಾದರೆ ಅಲ್ಲೇ ಕಾಣುತ್ತದೆ. ಎಲ್ಫ್‌ಗಳ ಬಿಳಿ ನಿಲುವಂಗಿಯನ್ನಂತೂ ಮೊದಲನೇ ಸೈನ್ಯಕ್ಕೆ ಮುಟ್ಟಲೇಬೇಡಿ ಅಂತೀನಿ.

ಇಲಿಗಳ ಕಷ್ಟ ಸಂಖ್ಯೆಯದ್ದು. 2000 ಪಾಯಿಂಟಿಗೆ ನೂರರ ಹತ್ತಿರ ಬೊಂಬೆ ಬೇಕಾಗಬಹುದು. ಇನ್ನೊಂದು ತುದಿಯಲ್ಲಿ ಸನ್ಸ್ ಆಫ್ ಬೆಹೆಮಾಟ್ ಇದೆ, ನಾಲ್ಕೈದು ದೈತ್ಯರಿಗೇ ಲೆಕ್ಕ ಮುಗಿಯುತ್ತದೆ. ಆಡುವ ರೀತಿಯೂ ಇದರಿಂದಲೇ ಬದಲಾಗುತ್ತದೆ. ದಾಳದ ಲೆಕ್ಕ ನೋಡಿ. ಒಂದೊಂದು ಏಟಿಗೂ ಆರು ಮುಖದ ದಾಳ ಎಸೆಯುತ್ತಾರೆ. ತಗಲಲು 4 ಅಥವಾ ಮೇಲೆ ಬೇಕು, ಗಾಯಕ್ಕೂ 4, ವೈರಿಗೆ 3 ಅಥವಾ ಮೇಲೆ ಬಿದ್ದರೆ ಕವಚ ತಡೆಯುತ್ತದೆ ಅಂತಿಟ್ಟುಕೊಳ್ಳಿ. ಹನ್ನೆರಡು ಏಟಿಗೆ ಸರಾಸರಿ ಒಂದು ಮಾತ್ರ ಒಳಗೆ ಹೋಗುತ್ತದೆ. ಇಲಿಗಳ ನಾಯಕ ಬೊಗಸೆ ತುಂಬ ದಾಳ ಎಸೆಯುತ್ತಾನೆ, ಸರಾಸರಿ ಅವನ ಕೈಬಿಡುವುದಿಲ್ಲ, ಹತ್ತು ಸತ್ತರೂ ಅವನಿಗೆ ನಿದ್ದೆ ಬರುತ್ತದೆ. ಕಡಿಮೆ ಬೊಂಬೆಯವನಿಗೆ ಒಂದು ಕೆಟ್ಟ ಎಸೆತ ಸಾಕು, ಒಬ್ಬ ದೈತ್ಯ ಬಿದ್ದರೆ ಕಾಲುಭಾಗ ಸೈನ್ಯ ಹೋದಂತೆ. ನಿಮ್ಮ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಅನ್ನುವುದು ನಿಮಗೇ ಗೊತ್ತಿರುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗಲೇ ಎದ್ದು ಕೂರುವವರು ರಾಕ್ಷಸರಂಥ ಆರ್ಕ್, ಓಗರ್ ಸೈನ್ಯಗಳ ಕಡೆ ಒಮ್ಮೆ ಕಣ್ಣು ಹಾಯಿಸಲಿ.

ಇನ್ನು ನಮ್ಮ ಮುಂಬೈ ಕಡೆಯ ತಾಪತ್ರಯ. 2000 ಪಾಯಿಂಟಿನ ಮೈದಾನ 60 ಇಂಚು ಉದ್ದ, 44 ಇಂಚು ಅಗಲ. ಒನ್ ಬಿಎಚ್‌ಕೆ ಹಾಲ್‌ನಲ್ಲಿ ಅದನ್ನು ಹಾಸಿದರೆ ಮನೆಯವರು ಅಡುಗೆಮನೆಗೆ ಹೋಗುವುದು ಹೇಗೆ? ಸ್ಪಿಯರ್‌ಹೆಡ್ ಅನ್ನುವ ಚಿಕ್ಕ ಆಟ ಇದೆ. ಒಂದು ಪೆಟ್ಟಿಗೆಯಲ್ಲಿ ಬರುವುದೇ ಪೂರ್ತಿ ಸೈನ್ಯ, ಮೈದಾನ 30ಕ್ಕೆ 22 ಇಂಚು, ಊಟದ ಮೇಜಿನ ಮೇಲೆ ಆರಾಮಾಗಿ ಹಿಡಿಯುತ್ತದೆ. ಶುರು ಅಲ್ಲಿಂದಲೇ ಮಾಡಿ.

ಬಣ್ಣಕ್ಕೆ ಮೊದಲು ಬೊಂಬೆಗೆ ಪ್ರೈಮರ್ ಅನ್ನುವ ತಳಲೇಪ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಪ್ರೈಮರ್ ಸಹವಾಸ ಬೇಡ. ಮುಂಬೈ ಮಳೆಗಾಲದ ತೇವಕ್ಕೆ ಬೊಂಬೆ ಮೇಲೆ ಹಿಟ್ಟು ಉದುರಿಸಿದ ಹಾಗೆ ತರಿತರಿ ಕೂರುತ್ತದೆ. ಬ್ರಶ್ಶಿನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ. ನೂರು ಇಲಿಗೆ ಅದು ಬೇಸರದ ಕೆಲಸ, ಸ್ಪಿಯರ್‌ಹೆಡ್ ಪೆಟ್ಟಿಗೆಗೆ ಪರವಾಗಿಲ್ಲ.

ಆಡಲು ಮಾಟುಂಗಾಕ್ಕೋ ಠಾಣೆಗೋ ಹೋಗುವುದಾದರೆ ಲೋಕಲ್ ಟ್ರೈನಿನ ನೂಕುನುಗ್ಗಲನ್ನೂ ನೆನಪಿಡಿ. ತೆಳು ಕಡ್ಡಿಯ ಮೇಲೆ ತೇಲುವ ನೈಟ್‌ಹಾಂಟ್ ದೆವ್ವಗಳು ಕಲ್ಯಾಣ್ ಫಾಸ್ಟ್‌ನಲ್ಲಿ ಬದುಕುವುದು ಕಷ್ಟ. ಬೊಂಬೆ ನಿಲ್ಲುವ ಬಿಲ್ಲೆಯ (ಬೇಸ್) ಕೆಳಗೆ ಸಣ್ಣ ಆಯಸ್ಕಾಂತ ಅಂಟಿಸಿ ಡಬ್ಬಿಯಲ್ಲಿ ನಿಲ್ಲಿಸಿದರೆ ಅಲುಗಾಡುವುದಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿ ಎಷ್ಟೋ ಸಲ ಆಯಸ್ಕಾಂತಕ್ಕೆ ಹಿಡಿಯುವುದೇ ಇಲ್ಲ. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿಯುತ್ತದೆ. ಡಬ್ಬಿ ಕೊಳ್ಳುವ ಮೊದಲು ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡು ಹೋಗಿ, ಅಂಗಡಿಯವನು ನಕ್ಕರೆ ನಗಲಿ.

ಖರ್ಚು ಹೆಚ್ಚಾಯಿತು ಅನ್ನಿಸಿದರೆ ಒನ್ ಪೇಜ್ ರೂಲ್ಸ್ ಕಂಪನಿಯವರ ಏಜ್ ಆಫ್ ಫ್ಯಾಂಟಸಿ ಆಟ ನೋಡಿ. ಮೂಲ ನಿಯಮ ಪುಕ್ಕಟೆ, ಬೊಂಬೆ ಯಾರದ್ದಾದರೂ ಸರಿ.

ಆದರೆ ನಿಮ್ಮ ವಿಷಯದಲ್ಲಿ ಅದರ ಅಗತ್ಯ ಬೀಳಲಿಕ್ಕಿಲ್ಲ. ಏಜ್ ಆಫ್ ಸಿಗ್ಮಾರ್‌ನ ನಾಲ್ಕನೇ ಆವೃತ್ತಿ 2024ರಲ್ಲಿ ಬಂತು. ಅದರ ಸ್ಟಾರ್ಟರ್ ಪೆಟ್ಟಿಗೆಗಳಲ್ಲಿ ಇರುವುದೇ ಸ್ಟಾರ್ಮ್‌ಕಾಸ್ಟ್ ಮತ್ತು ಸ್ಕೇವೆನ್. ನೀವೂ ಗೆಳೆಯನೂ ದುಡ್ಡು ಹಾಕಿ ಒಂದು ಪೆಟ್ಟಿಗೆ ತನ್ನಿ. ಬಂಗಾರದ ಕವಚದವರು ಅವನಿಗೆ, ಇಲಿಗಳು ನಿಮಗೆ. ಗೆಲ್ಲುವ ಸೈನ್ಯ ಯಾವುದು ಅಂತ ಅವನ ಜೊತೆ ಮೇಜಿನ ಮೇಲೇ ಮಾತಾಡಿ.