ಒಪಿಟಿ ಕಾರ್ಡ್: ಯಾಕೆ ತಡ, ಯಾರಿಗೆ ಬೇಗ?

ಅಮೆರಿಕದಲ್ಲಿ ಎಂ.ಎಸ್. ಮುಗಿಸುವ ಮಕ್ಕಳಿರುವ ಮನೆಗಳಲ್ಲಿ ಮೇ ತಿಂಗಳು ಬಂದರೆ ಒಂದೇ ಪ್ರಶ್ನೆ: ‘ಇಎಡಿ ಬಂತಾ?’ ಒಪಿಟಿ ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರು ತಮ್ಮ ಓದಿಗೆ ಸಂಬಂಧಿಸಿದ ಕೆಲಸವನ್ನು ಸ್ವಲ್ಪ ಕಾಲ ಮಾಡಲು ಇರುವ ಅವಕಾಶ. ಓದಿದ ಮೇಲೆ ಹಾಗೆ ಕೆಲಸ ಮಾಡಲು ಬೇಕಾದ ಅನುಮತಿ ಕಾರ್ಡೇ ಇಎಡಿ. 2023-24ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ. ಅದರಲ್ಲಿ 97 ಸಾವಿರಕ್ಕೂ ಜಾಸ್ತಿ ಜನ ಒಪಿಟಿಯಲ್ಲಿದ್ದರು. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಎಜುಕೇಶನ್ ಲೋನ್ ಕಂತು ಈ ಕಾರ್ಡನ್ನೇ ನಂಬಿಕೊಂಡಿದೆ.

ಒಪಿಟಿ ಎಂಬ ಹೆಸರು ಬಂದದ್ದು 1992ರಲ್ಲಿ, ಆಗ 12 ತಿಂಗಳು. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ 2008ರಲ್ಲಿ ಇನ್ನೂ 17 ತಿಂಗಳು ಸಿಕ್ಕಿತು. ಕೋರ್ಟ್ ತಕರಾರಾಗಿ 2016ರಲ್ಲಿ ಅದೇ 24 ಆಯಿತು.

ಅವಧಿ ಬೆಳೆಯಿತು, ವೇಗ ಬೆಳೆಯಲಿಲ್ಲ. ಮೊದಲು ವಲಸೆ ಇಲಾಖೆ 90 ದಿನದೊಳಗೆ ಕಾರ್ಡಿನ ಅರ್ಜಿ ಇತ್ಯರ್ಥ ಮಾಡಬೇಕು, ಇಲ್ಲವೇ ತಾತ್ಕಾಲಿಕ ಕಾರ್ಡ್ ಕೊಡಬೇಕು ಎಂಬ ನಿಯಮವಿತ್ತು. 2017ರ ಜನವರಿಯಲ್ಲಿ ಅದನ್ನು ತೆಗೆದರು. ಕಾಯುವವರ ಕೈಲಿದ್ದ ಒಂದೇ ಹಿಡಿ ಅಲ್ಲಿಗೆ ಹೋಯಿತು.

ಅದರ ಬಿಸಿ ಜೋರಾಗಿ ತಟ್ಟಿದ್ದು 2020ರ ಕೊನೆಗೆ. ಆಗ ಇಎಡಿಗೆ ಹಾಕುವ ಐ-765 ಅರ್ಜಿ ಪೇಪರಿನಲ್ಲೇ ಹೋಗಬೇಕಿತ್ತು, 410 ಡಾಲರ್ ಶುಲ್ಕದ ಜೊತೆ. ಕೋವಿಡ್ ಕಾಲ, ಅಂಚೆ ಕವರುಗಳು ರಾಶಿ ಬಿದ್ದವು. ರಸೀದಿಯೇ ಬರದೆ ವಾರಗಳು ಕಳೆದವು. ಅರ್ಜಿ ತಲುಪಿತೋ ಇಲ್ಲವೋ ತಿಳಿಯಲು ಹುಡುಗರು ದಿನಾ ಬ್ಯಾಂಕ್ ಆ್ಯಪ್ ತೆಗೆದು ಶುಲ್ಕದ ಚೆಕ್ ಕ್ಯಾಶ್ ಆಯ್ತಾ ಎಂದು ನೋಡುತ್ತಿದ್ದರು. ಕೋರ್ಸ್ ಮುಗಿದ 14 ತಿಂಗಳೊಳಗೆ ಮೊದಲ 12 ತಿಂಗಳ ಒಪಿಟಿ ಮುಗಿಯಬೇಕು. ಹಾಗಾಗಿ ಕಾರ್ಡ್ ತಡವಾದಷ್ಟೂ ಆ ಒಂದು ವರ್ಷವೇ ಸವೆಯುತ್ತದೆ. ಸಹಿ ಬಿಟ್ಟುಹೋಗಿದೆ ಎಂದು ಅರ್ಜಿ ವಾಪಸ್ ಬರುವಷ್ಟರಲ್ಲಿ ಮತ್ತೆ ಹಾಕುವ ಗಡುವೇ ದಾಟಿರುತ್ತಿತ್ತು. ವಿದ್ಯಾರ್ಥಿಗಳು ಕೋರ್ಟಿಗೂ ಹೋದರು. 2021ರ ಫೆಬ್ರವರಿಯಲ್ಲಿ ವಲಸೆ ಇಲಾಖೆ ಸ್ವಲ್ಪ ಸಡಿಲ ಮಾಡಿತು: ಹೀಗೆ ತಡದಲ್ಲಿ ಸಿಕ್ಕಿಕೊಂಡವರಿಗೆ 14 ತಿಂಗಳ ಲೆಕ್ಕ ಅರ್ಜಿ ಮಂಜೂರಾದ ದಿನದಿಂದ ಶುರು. ಏಪ್ರಿಲ್‌ನಲ್ಲಿ ಆನ್‌ಲೈನ್ ಅರ್ಜಿಯೂ ಬಂತು. ಅಷ್ಟು ದಿನ ಇದನ್ನು ಯಾಕೆ ಮಾಡಿರಲಿಲ್ಲವೋ!

2023ರಲ್ಲಿ ಪ್ರೀಮಿಯಂ ಸೇವೆ ಬಂತು. 1,500 ಡಾಲರ್ ಹೆಚ್ಚುವರಿ ಕಟ್ಟಿದರೆ 30 ದಿನದಲ್ಲಿ ಉತ್ತರ. ಮರುವರ್ಷ ಅದು 1,685 ಆಯಿತು, 30 ದಿನವೂ ಕೆಲಸದ ದಿನಗಳ ಲೆಕ್ಕವಾಯಿತು. ಆಫರ್ ಕೈಲಿರುವವನು ಕಟ್ಟುತ್ತಾನೆ. ಇನ್ನೂ ಕೆಲಸ ಹುಡುಕುತ್ತಿರುವವನು, ಅಂದರೆ ದುಡ್ಡಿಲ್ಲದವನು, ಸಾಮಾನ್ಯ ಸಾಲಿನಲ್ಲೇ ನಿಲ್ಲುತ್ತಾನೆ. ಆ ಸಾಲಿಗೆ ಇವತ್ತಿಗೂ ಗಡುವು ಅನ್ನುವುದೇ ಇಲ್ಲ.

ದುಡ್ಡು ಕಟ್ಟಿದವರೂ ಒಂದು ಗಮನಿಸಬೇಕು. 30 ದಿನದಲ್ಲಿ ಸಿಗುವುದು ಉತ್ತರ ಮಾತ್ರ, ಅದು ‘ಇನ್ನಷ್ಟು ದಾಖಲೆ ಕೊಡಿ’ ಎಂದೂ ಇರಬಹುದು. ಕಾರ್ಡ್ ಅಚ್ಚಾಗಿ ಅಂಚೆಯಲ್ಲಿ ಬರುವುದು ಆ ಲೆಕ್ಕದ ಹೊರಗೆ.