ಎರಡು ಕೀಮೋ ಕೂಡಿಸಿ ಕೊಟ್ರೆ ಆಯಸ್ಸು ಜಾಸ್ತಿ ಆಗುತ್ತಾ?

ಸ್ತನ ಕ್ಯಾನ್ಸರ್ ನಾಲ್ಕನೇ ಸ್ಟೇಜ್, ಅಂದರೆ ದೇಹದ ಬೇರೆ ಕಡೆಗೂ ಹರಡಿದೆ ಅಂತ ಗೊತ್ತಾದ ಮೇಲೆ ರಾಯಚೂರು, ಕೊಪ್ಪಳದ ಕಡೆ ಮನೆಯವರು ಡಾಕ್ಟರಿಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಒಂದೇ ಔಷಧ ಯಾಕ್ರಿ ಸರ್, ಎರಡು ಮೂರು ಕೂಡಿಸಿ ಹಾಕ್ರಿ, ಲಗೂ ಕಮ್ಮಿ ಆಗ್ತದ.” ದಡ್ಡ ಮಾತೇನಲ್ಲ. ಹೆಸರಾಂತ ಡಾಕ್ಟರುಗಳೂ ದಶಕಗಳ ಕಾಲ ಹೀಗೇ ಯೋಚಿಸಿದ್ದರು.

ಈ ಯೋಚನೆಗೆ ಟಿಬಿಯೂ ಒಂದು ಮಾದರಿ. ಒಂದೇ ಔಷಧ ಕೊಟ್ಟರೆ ರೋಗಾಣು ಅದಕ್ಕೆ ಬಗ್ಗದೆ ಉಳಿಯುತ್ತಿತ್ತು, ಹಲವು ಕೂಡಿಸಿದರೆ ಸಾಯುತ್ತಿತ್ತು. 1960ರ ದಶಕದಲ್ಲಿ ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಇದೇ ದಾರಿ ಫಲ ಕೊಟ್ಟಿತು. 1969ರಲ್ಲಿ ಅಮೆರಿಕದ ಬಫಲೋದ ರಿಚರ್ಡ್ ಕೂಪರ್, ಹರಡಿದ ಸ್ತನ ಕ್ಯಾನ್ಸರ್‌ಗೆ ಐದು ಔಷಧ ಕೂಡಿಸಿ ಕೊಟ್ಟು, ನೂರಕ್ಕೆ ಸುಮಾರು 90 ಹೆಂಗಸರಲ್ಲಿ ಗಡ್ಡೆ ಕುಗ್ಗಿತು ಎಂದರು. ಬೇರೆಯವರು ಮಾಡಿ ನೋಡಿದಾಗ ಅಷ್ಟು ಬರಲಿಲ್ಲ. ಆದರೂ ಕೂಡಿಸಿ ಕೊಡುವುದೇ ರೂಢಿಯಾಯಿತು.

ಸರಿಯಾದ ಪರೀಕ್ಷೆ ನಡೆದದ್ದು ತುಂಬ ತಡವಾಗಿ. 2003ರಲ್ಲಿ ಜಾರ್ಜ್ ಸ್ಲೆಡ್ಜ್ ಮತ್ತು ಜೊತೆಗಾರರು 739 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಡಾಕ್ಸೋರೂಬಿಸಿನ್, ಇನ್ನೊಂದಕ್ಕೆ ಪ್ಯಾಕ್ಲಿಟ್ಯಾಕ್ಸೆಲ್, ಮೂರನೆಯದಕ್ಕೆ ಎರಡೂ ಒಟ್ಟಿಗೆ. ಒಂದೇ ಔಷಧ ಪಡೆದವರಲ್ಲಿ ರೋಗ ಮತ್ತೆ ಬೆಳೆದರೆ ಆಗ ಎರಡನೆಯದು. ಗಡ್ಡೆ ಕುಗ್ಗಿದ್ದು ನೂರಕ್ಕೆ 36, 34 ಮತ್ತು 47 ಜನರಲ್ಲಿ. ಕೂಡಿಸಿದ್ದೇ ಗೆದ್ದಿತು ಅನ್ನಿಸುತ್ತೆ, ಅಲ್ವಾ? ಆದರೆ ಆಯಸ್ಸು ನೋಡಿ. ಅರ್ಧದಷ್ಟು ಜನ ದಾಟಿದ ಅವಧಿ 18.9, 22.2 ಮತ್ತು 22 ತಿಂಗಳು. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇಲ್ಲ. ಸ್ಕ್ಯಾನ್‌ನಲ್ಲಿ ಗಡ್ಡೆ ಚಿಕ್ಕದಾಗುವುದು ಬೇರೆ, ಬದುಕು ಉದ್ದವಾಗುವುದು ಬೇರೆ.

2002ರ ಇನ್ನೊಂದು ಪ್ರಯೋಗದಲ್ಲಿ ಡೋಸಿಟ್ಯಾಕ್ಸೆಲ್ ಜೊತೆ ಕೆಪೆಸಿಟಬಿನ್ ಮಾತ್ರೆ ಸೇರಿಸಿದಾಗ ಆಯಸ್ಸಿನ ಇದೇ ಅವಧಿ 11.5 ತಿಂಗಳಿಂದ 14.5 ಆಯಿತು. ಇದನ್ನು ತೋರಿಸಿ ವಾದ ಮಾಡುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಯಾಕೆಂದರೆ ಬರೀ ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ ಆಮೇಲೆ ಆ ಮಾತ್ರೆ ಸಿಕ್ಕಿದ್ದು ಕೆಲವರಿಗೆ ಮಾತ್ರ.

ಕೂಡಿಸಿದ್ದು ನಿಜಕ್ಕೂ ಕೆಲಸ ಮಾಡಿದ್ದು ಎಚ್‌ಇಆರ್2 ಪಾಸಿಟಿವ್ ಇದ್ದವರಲ್ಲಿ, ಅಂದರೆ ಕ್ಯಾನ್ಸರ್ ಕಣಗಳ ಮೇಲೆ ಆ ಹೆಸರಿನ ಪ್ರೋಟೀನ್ ಜಾಸ್ತಿ ಇದ್ದವರಲ್ಲಿ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೀಮೋ ಜೊತೆ ಆ ಪ್ರೋಟೀನನ್ನೇ ಗುರಿಯಿಡುವ ಟ್ರಾಸ್ಟುಝುಮಾಬ್ ಕೊಟ್ಟಾಗ ಆಯಸ್ಸು 20.3 ತಿಂಗಳಿಂದ 25.1ಕ್ಕೆ ಏರಿತು. ಆದರೆ ಹೃದಯದ ತೊಂದರೆಯೂ ಜಾಸ್ತಿಯಾಯಿತು, ಡಾಕ್ಸೋರೂಬಿಸಿನ್‌ನಂಥ ಔಷಧದ ಜೊತೆ ಕೊಟ್ಟವರಲ್ಲಿ ಅತಿ ಹೆಚ್ಚು. ಆದ್ದರಿಂದ ಬಯಾಪ್ಸಿ ರಿಪೋರ್ಟಿನಲ್ಲಿ ಎಚ್‌ಇಆರ್2 ಸಾಲು ಏನು ಹೇಳುತ್ತೆ ಅಂತ ಮೊದಲು ಕೇಳಿ.

ಈಗ ಸಾಮಾನ್ಯವಾಗಿ ಒಂದಾದ ಮೇಲೊಂದು ಕೊಡುತ್ತಾರೆ. ಲಿವರ್, ಶ್ವಾಸಕೋಶ ಬೇಗ ಕೆಡುತ್ತಿದ್ದರೆ, ಗಡ್ಡೆ ತಕ್ಷಣ ಕುಗ್ಗಲೇಬೇಕಿದ್ದರೆ ಕೂಡಿಸುತ್ತಾರೆ. ಕೂಡಿಸಿದಾಗ ಸೋಂಕು ತಡೆಯುವ ಬಿಳಿ ರಕ್ತಕಣ ಹೆಚ್ಚು ಇಳಿಯಬಹುದು, ಸುಸ್ತು, ಭೇದಿ ಜಾಸ್ತಿಯಾಗಬಹುದು. ಬೆಂಗಳೂರಿನ ಕಿದ್ವಾಯಿಯಲ್ಲಿ ಕೀಮೋದ ಒಂದು ಸೈಕಲ್ (ಸುತ್ತು) ಮುಗಿಸಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಳ್ಳಾರಿಗೆ ಬರುವ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ. ಊರಿಗೆ ಬಂದ ಮೇಲೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬಾರದು, ಮುಂದಿನ ಸೈಕಲ್‌ವರೆಗೂ ಕಾಯಬಾರದು. ಅವತ್ತೇ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ, ಕೀಮೋ ಫೈಲ್ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.