ಸರ್, ಪಾಠ ಓಪನ್ ಆಗ್ತಿಲ್ಲ

2020ರ ಜುಲೈ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಫೋನಿಂದ ಮೆಸೇಜ್ ಹಾಕಿದ್ದಳು: ‘ಸರ್, ಪಾಠ ಓಪನ್ ಆಗ್ತಿಲ್ಲ.’

ಅವಳದು ಹೊಸನಗರ ತಾಲ್ಲೂಕಿನ ಒಂದು ಒಂಟಿ ಮನೆ. ಅಂಗಳದಲ್ಲಿ ಸಿಗ್ನಲ್ ಇಲ್ಲ. ಗದ್ದೆ ದಾಟಿ, ದಿಬ್ಬ ಹತ್ತಿ, ಕೊಡೆ ಹಿಡಿದು ನಿಂತರೆ ಎರಡು ಗೆರೆ ಬರುತ್ತದೆ. ನಾನು ಕಳಿಸಿದ್ದು ಹೃದಯ ಮತ್ತು ರಕ್ತ ಪರಿಚಲನೆಯ ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡುಗಳ ಫೈಲ್, 38 ಎಂಬಿ. ಅರ್ಧ ಗಂಟೆ ನಿಂತು ಅದನ್ನು ಇಳಿಸಿಕೊಂಡಿದ್ದಳು. ಇಳಿದ ಮೇಲೆ ನೋಡಿದರೆ ಆ ಫೋನಿನಲ್ಲಿ ಪಿಪಿಟಿ ತೆರೆಯುವ ಆ್ಯಪ್ಪೇ ಇರಲಿಲ್ಲ.

ತಪ್ಪು ನನ್ನದು. ಆದರೆ ಅದು ನನ್ನೊಬ್ಬನಿಂದ ಶುರುವಾದ ತಪ್ಪಲ್ಲ. ವೆಬ್ ಪುಟದಲ್ಲಿ ಪಾಠ ಇಡುವವರೆಲ್ಲ ಸುಮಾರು ಮೂವತ್ತು ವರ್ಷದಿಂದ ಇದೇ ಕಲ್ಲಿಗೆ ಎಡವುತ್ತಿದ್ದಾರೆ. ಹೇಗೆ ಅಂತ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಶಾಲೆಯ ಹೊರಗಿಂದ ಪಾಠ ಬಂದಿದ್ದು ಮೊದಲು ರೇಡಿಯೋದಲ್ಲಿ. ‘ಕೇಳಿ ಕಲಿ’ ಕಾರ್ಯಕ್ರಮಕ್ಕೆ ಮಕ್ಕಳನ್ನು ಸಾಲಾಗಿ ಕೂರಿಸಿ, ಮೇಜಿನ ಮೇಲೆ ರೇಡಿಯೋ ಇಡುತ್ತಿದ್ದೆವು. ಅದರಲ್ಲಿ ಒಂದು ದೊಡ್ಡ ಅನುಕೂಲ ಇತ್ತು. ಭದ್ರಾವತಿ ಆಕಾಶವಾಣಿ ಹಿಡಿಯುವ ರೇಡಿಯೋ ಯಾವ ಕಂಪನಿಯದಾದರೂ ಸರಿ, ಎಷ್ಟು ಹಳೆಯದಾದರೂ ಸರಿ, ಪಾಠ ಕೇಳಿಸುತ್ತಿತ್ತು. ‘ಈ ಪಾಠಕ್ಕೆ ಹೊಸ ರೇಡಿಯೋ ಬೇಕು’ ಅಂತ ಯಾರೂ ಹೇಳಲಿಲ್ಲ.

ವೆಬ್ ಕೂಡ ಹಾಗೇ ಶುರುವಾಯಿತು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಪ್ರಸ್ತಾವ ಬರೆದರು. ಅಲ್ಲಿನ ವಿಜ್ಞಾನಿಗಳ ಹತ್ತಿರ ಬೇರೆ ಬೇರೆ ಥರದ ಕಂಪ್ಯೂಟರ್ ಇದ್ದವು. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಓದೋದೇ ಕಷ್ಟ ಆಗಿತ್ತು. ಯಾವ ಯಂತ್ರದಲ್ಲಾದರೂ ತೆರೆಯುವ ಪುಟ ಬೇಕು ಅನ್ನೋದೇ ಮೂಲ ಆಸೆ. ಆಗಿನ ಪುಟದಲ್ಲಿ ಇದ್ದದ್ದು ಅಕ್ಷರ ಮತ್ತು ಕೊಂಡಿ, ಅಷ್ಟೇ.

1993ರಲ್ಲಿ ಚಿತ್ರ ಬಂತು. ಅಮೆರಿಕದ ಇಲಿನಾಯ್‌ನಲ್ಲಿ ವೆಬ್ ಪುಟ ತೆರೆಯುವ ಮೊಸಾಯಿಕ್ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್, ಅಕ್ಷರದ ನಡುವೆಯೇ ಚಿತ್ರ ಕೂರಿಸುವ ಒಂದು ಟ್ಯಾಗ್, ಅಂದರೆ ಪುಟದ ಕೋಡಿನಲ್ಲಿ ಬರೆಯುವ ಒಂದು ಗುರುತು, ಸೂಚಿಸಿದರು. ಚಿತ್ರಕ್ಕೆ ಮಾತ್ರ ಯಾಕೆ, ಧ್ವನಿ, ವಿಡಿಯೊ ಎಲ್ಲಕ್ಕೂ ಒಂದೇ ದಾರಿ ಮಾಡೋಣ ಅಂತ ಆಗಲೇ ಕೆಲವರು ಹೇಳಿದ್ದರು. ಆ ಮಾತು ಆಗ ನಡೆಯಲಿಲ್ಲ. ಚಿತ್ರ ಬ್ರೌಸರಿನ ಸ್ವಂತದ್ದಾಯಿತು, ಉಳಿದವು ಹೊರಗೇ ಉಳಿದವು. ಮುಂದಿನ ಇಪ್ಪತ್ತು ವರ್ಷದ ತಾಪತ್ರಯಕ್ಕೆ ಬೀಜ ಬಿದ್ದಿದ್ದು ಅಲ್ಲೇ ಅಂತ ನನಗನ್ನಿಸುತ್ತದೆ.

ಹೊರಗೆ ಉಳಿದದ್ದನ್ನು ತೋರಿಸಲು ಪ್ಲಗ್-ಇನ್ ಬಂದವು. ಬ್ರೌಸರಿಗೆ ತಾನೇ ತೆರೆಯಲು ಬಾರದ ಫೈಲನ್ನು ಇನ್ನೊಂದು ಸಾಫ್ಟ್‌ವೇರ್ ಬಂದು ತೆರೆದುಕೊಡುವ ಏರ್ಪಾಡು ಅದು. ಧ್ವನಿಗೆ ರಿಯಲ್‌ಆಡಿಯೊ, ವಿಡಿಯೊಗೆ ಕ್ವಿಕ್‌ಟೈಮ್, ಗಣಿತದ ಆಕೃತಿ ತಿರುಗಿಸಲು ಜಾವಾ ಆ್ಯಪ್ಲೆಟ್. ಎಲ್ಲಕ್ಕಿಂತ ಜಾಸ್ತಿ ಹಬ್ಬಿದ್ದು ಅಲುಗಾಡುವ ಚಿತ್ರ ತೋರಿಸುವ ಫ್ಲ್ಯಾಶ್. 1996ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಅದನ್ನು ಕೊಂಡಿತು, 2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು.

ಫ್ಲ್ಯಾಶ್ ನಿಜಕ್ಕೂ ಸೊಗಸಾಗಿತ್ತು. ಪುಸ್ತಕದ ಚಿತ್ರದಲ್ಲಿ ನಿಂತ ಹೃದಯ ಅದರಲ್ಲಿ ಬಡಿಯುತ್ತಿತ್ತು. ಬಲಗಡೆಯಿಂದ ನೀಲಿ ರಕ್ತ ಶ್ವಾಸಕೋಶಕ್ಕೆ ಹೋಗಿ, ಕೆಂಪಾಗಿ ಎಡಗಡೆಗೆ ವಾಪಸ್ಸು. ಕವಾಟದ ಮೇಲೆ ಒತ್ತಿದರೆ ಅದು ತೆರೆದು ಮುಚ್ಚುತ್ತಿತ್ತು. ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದ್ದು ಮಕ್ಕಳಿಗೆ ಅಲ್ಲಿ ಒಂದೇ ಸಲಕ್ಕೆ ಹತ್ತುತ್ತಿತ್ತು. ನನ್ನ ಹತ್ತಿರ ಅಂಥ ಹನ್ನೊಂದು ಫೈಲ್ ಇದ್ದವು. ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಕೂತು ಇಳಿಸಿ, ಪೆನ್‌ಡ್ರೈವ್‌ನಲ್ಲಿ ಊರಿಗೆ ತಂದದ್ದು.

ಆದರೆ ಅದು ಒಂದೇ ಕಂಪನಿಯ ಕೈಯಲ್ಲಿತ್ತು. ಭದ್ರತೆಯ ತೂತುಗಳು ಪದೇ ಪದೇ ಕಾಣಿಸಿಕೊಂಡವು. ಮೊಬೈಲಿನ ಬ್ಯಾಟರಿಗೂ ಅದು ಭಾರ ಆಯಿತು. ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಯಾಕೆ ಬಿಡುವುದಿಲ್ಲ ಅಂತ ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಬರೆದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನಾಗಿಯೇ ಫ್ಲ್ಯಾಶ್ ಫೈಲುಗಳನ್ನು ತಡೆಯತೊಡಗಿತು. ನನ್ನ ಹೃದಯದ ಪಾಠವೂ ಅವತ್ತೇ ನಿಂತಿತು. ಫೈಲ್ ಈಗಲೂ ಪೆನ್‌ಡ್ರೈವ್‌ನಲ್ಲಿ ಹಾಗೇ ಇದೆ. ರಫಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇಂಥ ಎಷ್ಟೋ ಹಳೆ ಫೈಲುಗಳಿಗೆ ಮತ್ತೆ ಜೀವ ಕೊಟ್ಟಿದೆ. ಅದನ್ನು ಮಾಡಿದವರಿಗೆ ನನ್ನ ನಮಸ್ಕಾರ.

ಇದೇ ಹೊತ್ತಿಗೆ ಬ್ರೌಸರ್ ತಾನೇ ಕಲಿಯಿತು. 2007ರಲ್ಲಿ ಒಪೆರಾ ಕಂಪನಿ ವಿಡಿಯೊಗೂ ಒಂದು ಟ್ಯಾಗ್ ಇರಲಿ ಅಂತ ಪ್ರಸ್ತಾವ ಇಟ್ಟಿತು. ಯಾವ ಬಗೆಯ ವಿಡಿಯೊ ಅನ್ನೋ ಪೇಟೆಂಟ್ ಜಗಳ ವರ್ಷಗಟ್ಟಲೆ ನಡೆಯಿತು. 2014ರ ಅಕ್ಟೋಬರ್‌ನಲ್ಲಿ ವೆಬ್ ಪುಟ ಬರೆಯುವ ಭಾಷೆಯ ಹೊಸ ಆವೃತ್ತಿ ಎಚ್‌ಟಿಎಂಎಲ್5 ಅಧಿಕೃತ ಮಾನದಂಡ ಆಯಿತು. ಈಗ ಧ್ವನಿ, ವಿಡಿಯೊ, ಅಲುಗಾಡುವ ಚಿತ್ರ ಯಾವುದಕ್ಕೂ ಹೊರಗಿನ ಪ್ಲಗ್-ಇನ್ ಬೇಡ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ, ಪರದೆಯ ಮೇಲೇ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳನ್ನು ನೋಡಿ. ಮೊದಲು ಅವು ಜಾವಾ, ಫ್ಲ್ಯಾಶ್‌ನಲ್ಲಿದ್ದವು. ಒಂದೊಂದನ್ನೇ ಎಚ್‌ಟಿಎಂಎಲ್5ಗೆ ತಿರುಗಿಸಿದರು. ಈಗ ಒಂದು ಪ್ರಯೋಗ ಅಂದರೆ ಒಂದೇ ಫೈಲ್. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ಓಡುತ್ತದೆ. ನಮ್ಮಂಥ ಕಡೆಗೆ ಇದು ಎಷ್ಟು ದೊಡ್ಡ ಉಪಕಾರ ಅನ್ನೋದು ಸಿಗ್ನಲ್ ಹುಡುಕಿ ದಿಬ್ಬ ಹತ್ತಿದವರಿಗೆ ಗೊತ್ತು.

ಆಫೀಸ್ ಫೈಲುಗಳ ಕತೆ ಇನ್ನೂ ಸಿಕ್ಕು ಸಿಕ್ಕು. ವರ್ಡ್, ಪವರ್‌ಪಾಯಿಂಟ್ ಹುಟ್ಟಿದ್ದು ಕಾಗದಕ್ಕೆ, ಪರದೆಗೆ. ವೆಬ್ ಪುಟಕ್ಕೆ ಅಂತ ಅವು ಹುಟ್ಟಿದ್ದಲ್ಲ. ಮೇಷ್ಟ್ರುಗಳ ಹತ್ತಿರ ಇದ್ದದ್ದು ಅವೇ, ಹಾಗಾಗಿ ಅವನ್ನೇ ಪುಟಕ್ಕೆ ಏರಿಸಿದೆವು. ಒಂದು ಕಂಪ್ಯೂಟರಿನಲ್ಲಿ ನೀಟಾಗಿ ಕಾಣುವ ಪಿಪಿಟಿ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ. ಫಾಂಟ್ ಇಲ್ಲದಿದ್ದರೆ ಸಾಲು ಜಾರುತ್ತದೆ, ಬಾಣದ ಗುರುತು ಬೇರೆಲ್ಲೋ ತೋರಿಸುತ್ತದೆ. 1993ರಲ್ಲಿ ಅಡೋಬಿ ತಂದ ಪಿಡಿಎಫ್ ಈ ತೊಂದರೆಗೇ ಹುಟ್ಟಿದ ಮದ್ದು. ಫಾಂಟನ್ನೂ ಫೈಲಿನೊಳಗೇ ಕಟ್ಟಿಕೊಂಡು ಹೋಗುವುದರಿಂದ ಎಲ್ಲೇ ತೆರೆದರೂ ಪುಟ ಅಲ್ಲಾಡುವುದಿಲ್ಲ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಆದರೆ ಎ4 ಹಾಳೆಯ ಅಳತೆಯ ಪುಟವನ್ನು ಅಂಗೈ ಅಗಲದ ಫೋನಿನಲ್ಲಿ ಓದುವ ಮಗು ಪ್ರತಿ ಸಾಲಿಗೂ ಅತ್ತ ಇತ್ತ ಎಳೆಯಬೇಕು. ಕಂಪ್ಯೂಟರಿನಲ್ಲಿ ಪುಟದ ನಡುವೆಯೇ ಕಾಣುವ ಪಿಡಿಎಫ್ ಎಷ್ಟೋ ಫೋನುಗಳಲ್ಲಿ ಅಲ್ಲಿ ಕಾಣುವುದೇ ಇಲ್ಲ, ಇಳಿಸಿಕೊಂಡೇ ನೋಡಬೇಕು.

ಇನ್ನು ಕನ್ನಡದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1998ರಲ್ಲಿ ಬರಹ ಅನ್ನುವ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಅವು ಇಲ್ಲದಿದ್ದರೆ ನಾವ್ಯಾರೂ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆಗಿನ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣುತ್ತದೆ. ಇಲ್ಲದ ಕಡೆ ಕೆಳಗಿನ ಅಸಲಿ ಅಕ್ಷರ ಹೊರಬೀಳುತ್ತದೆ. ‘ಕನ್ನಡ’ ಅಂತ ಟೈಪ್ ಮಾಡಿದ್ದು ಫೋನಿನಲ್ಲಿ ಹೀಗೆ ಕಾಣುತ್ತದೆ: ಒಂದು ಪಿ, ತಲೆಯ ಮೇಲೆ ಓರೆಗೆರೆ ಇರುವ ಒಂದು ಎ, ಪೌಂಡ್ ಹಣದ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಎ.

ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸ್ವಂತ ಜಾಗ ಕೊಡುವ ಏರ್ಪಾಡು. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡ ಫಾಂಟ್ ಬಂತು. ತುಂಗಾ ನದಿ ದಡದಲ್ಲಿ ಓದಿದ ನನಗೆ ಆ ಹೆಸರು ಕಂಡು ಆದ ಖುಷಿ ಇನ್ನೂ ನೆನಪಿದೆ. ಆದರೂ ಪ್ರಶ್ನೆಪತ್ರಿಕೆ, ಟಿಪ್ಪಣಿ, ಸುತ್ತೋಲೆ ಎಲ್ಲ ಎಷ್ಟೋ ವರ್ಷ ಹಳೆ ಫಾಂಟಿನಲ್ಲೇ ನಡೆದವು. ಆ ಫೈಲನ್ನು ಪಿಡಿಎಫ್ ಮಾಡಿ ಪುಟಕ್ಕೆ ಹಾಕಿದರೆ ಕಣ್ಣಿಗೇನೋ ಕನ್ನಡ ಕಾಣುತ್ತದೆ. ಆದರೆ ಒಳಗೆ ‘ದ್ಯುತಿಸಂಶ್ಲೇಷಣೆ’ ಅಂತ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ಸಾಫ್ಟ್‌ವೇರ್ ಅದನ್ನು ಓದಲಾರದು. ಪಾಠ ಇದೆ, ಆದರೆ ಆ ಮಗುವಿನ ಪಾಲಿಗೆ ಇಲ್ಲ. ಹಳೆ ಟಿಪ್ಪಣಿಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಈಗ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಒಂದು ಸಂಜೆಯ ಕೆಲಸ. ದಯವಿಟ್ಟು ಮಾಡಿ.

ಮತ್ತೆ 2020ಕ್ಕೆ ಬರುತ್ತೇನೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು. ಕೇಂದ್ರದ ದೀಕ್ಷಾ ವೇದಿಕೆ 2017ರಿಂದಲೇ ಇತ್ತು. ಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಅದರ ಪಾಠ ತೆರೆಯುತ್ತಿತ್ತು. ಆದರೆ ಮಲೆನಾಡಿನ ಮಳೆಗಾಲ ಹೇಗೆ ಅಂತ ನಿಮಗೆ ಗೊತ್ತಲ್ವಾ. ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಖಾಲಿಯಾದರೆ ಇದ್ದ ಎರಡು ಗೆರೆಯೂ ಹೋಯಿತು. ಆಗುಂಬೆ, ನಗರ ಅನ್ನುವ ಊರು, ಶರಾವತಿ ಹಿನ್ನೀರಿನ ಆಚೆಯ ತುಮರಿ, ಎಲ್ಲ ಕಡೆ ಇದೇ ಪಾಡು. ನಾಡಿಗೆ ಕರೆಂಟ್ ಕೊಡಲು ಮುಳುಗಿದ ಊರುಗಳ ಮೊಮ್ಮಕ್ಕಳು ಫೋನ್ ಚಾರ್ಜಿಗೆ ಕಾಯುತ್ತಿದ್ದರು. ಇದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಅವಳ ಮೆಸೇಜ್ ಬಂದ ರಾತ್ರಿ ನಾನು ಆ ಪಿಪಿಟಿಯನ್ನು ಬಿಚ್ಚಿ ನೋಡಿದೆ. ಬಿಚ್ಚುವುದು ಅಂದರೆ ನಿಜಕ್ಕೂ ಬಿಚ್ಚುವುದೇ. ಆಫೀಸ್ 2007ರಿಂದ ಈಚಿನ ಪಿಪಿಟಿಎಕ್ಸ್, ಡಾಕ್ಸ್ ಫೈಲುಗಳು ಒಳಗಿಂದ ಜಿಪ್ ಗಂಟು. ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಬಾಲವನ್ನು ಜಿಪ್ ಅಂತ ಬದಲಿಸಿದರೆ ಗಂಟು ಬಿಚ್ಚುತ್ತದೆ. ಒಳಗೆ ಮೀಡಿಯಾ ಅನ್ನುವ ಫೋಲ್ಡರ್. ಅದರಲ್ಲಿ ಒಂಬತ್ತು ಫೋಟೋ, ಒಂದೊಂದೂ 4 ಎಂಬಿ. ಪುಸ್ತಕದ ಚಿತ್ರಗಳನ್ನು ಫೋನಿನಲ್ಲಿ ಹೊಡೆದು ಹಾಗೇ ಅಂಟಿಸಿದ್ದೆ. ಸ್ಲೈಡಿನಲ್ಲಿ ಚಿತ್ರವನ್ನು ಎಳೆದು ಪೋಸ್ಟ್‌ಕಾರ್ಡ್ ಅಳತೆಗೆ ಚಿಕ್ಕದು ಮಾಡಿದ್ದೆನಲ್ಲ, ತೂಕವೂ ಇಳಿಯಿತು ಅಂದುಕೊಂಡಿದ್ದೆ. ಇಳಿದಿರಲಿಲ್ಲ. 38ರಲ್ಲಿ 36 ಎಂಬಿ ಆ ಫೋಟೋಗಳೇ. ಪಾಠದ ಅಕ್ಷರ ಎಲ್ಲ ಸೇರಿ ನೂರು ಕೆಬಿಯೂ ಇರಲಿಲ್ಲ.

ಸೆಕೆಂಡಿಗೆ 200 ಕಿಲೋಬಿಟ್ ಬರುವ ದಿಬ್ಬದ ಮೇಲೆ 38 ಎಂಬಿ ಇಳಿಯಲು 25 ನಿಮಿಷ ಬೇಕು. ಹತ್ತು ನಿಮಿಷದ ವಿಡಿಯೊ, ಸೆಕೆಂಡಿಗೆ 2 ಮೆಗಾಬಿಟ್‌ನದ್ದು, 150 ಎಂಬಿ ಆಗುತ್ತದೆ. ಅಲ್ಲಿ ಅದರ ಮಾತೇ ಬೇಡ. ಅದೇ ಹತ್ತು ನಿಮಿಷ ಬರೀ ಮಾತು, 24 ಕಿಲೋಬಿಟ್‌ನಲ್ಲಿ ಉಳಿಸಿದರೆ 1.8 ಎಂಬಿ. 2012ರಲ್ಲಿ ಮಾನದಂಡವಾದ ಓಪಸ್ ಅನ್ನುವ ಧ್ವನಿ ಫೈಲಿನ ಬಗೆಯಲ್ಲಿ ಅಷ್ಟಕ್ಕೇ ಮಾತು ಸ್ಪಷ್ಟವಾಗಿ ಕೇಳುತ್ತದೆ. ಲೆಕ್ಕ ಮಾಡಿ ನೋಡಿದಾಗ ನನಗೆ ‘ಕೇಳಿ ಕಲಿ’ ನೆನಪಾಯಿತು.

ಅವತ್ತಿನಿಂದ ಪಾಠ ಕಟ್ಟುವ ರೀತಿ ಬದಲಿಸಿದೆ. ಮೊದಲು ಅಕ್ಷರ, ಯುನಿಕೋಡ್‌ನಲ್ಲಿ, ನೇರವಾಗಿ ಪುಟದ ಮೇಲೆ. ಯಾವ ಫೋನಾದರೂ ತನ್ನ ಅಗಲಕ್ಕೆ ತಕ್ಕ ಹಾಗೆ ಸಾಲು ಮುರಿದುಕೊಳ್ಳುತ್ತದೆ. ಚಿತ್ರಗಳನ್ನು ಫೋನಿಗೆ ಸಾಕಾಗುವಷ್ಟು ಅಗಲಕ್ಕೆ ಇಳಿಸಿಯೇ ಹಾಕುತ್ತೇನೆ. ಪ್ರತಿ ಚಿತ್ರದ ಕೆಳಗೆ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯುತ್ತೇನೆ, ಚಿತ್ರ ಬಾರದಿದ್ದರೂ ಮಾತು ಉಳಿಯಲಿ ಅಂತ. ವಿಡಿಯೊ ಇದ್ದರೆ ಮಗು ಒತ್ತುವ ತನಕ ಅದು ಇಳಿಯಲು ಶುರು ಮಾಡಬಾರದು. ಟ್ಯಾಗ್‌ನಲ್ಲಿ ಪ್ರಿಲೋಡ್, ಅಂದರೆ ಮೊದಲೇ ಇಳಿಸುವುದು, ಬೇಡ ಅಂತ ಒಂದು ಪದ ಬರೆದರೆ ಬ್ರೌಸರಿಗೆ ಆ ಸೂಚನೆ ಸಿಗುತ್ತದೆ. ಪಿಡಿಎಫ್, ಪಿಪಿಟಿ ಬೇಕಾದವರಿಗೆ ಕೊನೆಯಲ್ಲಿ ಕೊಂಡಿ, ಪಕ್ಕದಲ್ಲಿ ಎಷ್ಟು ಎಂಬಿ ಅಂತ ಬರೆದು. ಗೂಗಲ್ ಡ್ರೈವ್‌ನಲ್ಲಿ ಇಟ್ಟ ಫೈಲಾದರೆ ಇನ್ನೊಬ್ಬರ ಫೋನಿನಿಂದ ಒಮ್ಮೆ ತೆರೆದು ನೋಡಿಯೇ ಕಳಿಸುತ್ತೇನೆ. ‘ಅನುಮತಿ ಕೇಳಿ’ ಅನ್ನುವ ಪರದೆ ಮುಂದೆ ಮಳೆಯಲ್ಲಿ ನಿಂತ ಮಗು ಏನು ಮಾಡಬೇಕು?

ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಮುಂದೆ ಪಿಪಿಟಿ ಈಗಲೂ ಚೆನ್ನ. ಅಲ್ಲಿ ಮೇಷ್ಟ್ರು ಇರುತ್ತಾರೆ, ಕಂಪ್ಯೂಟರ್ ಗೊತ್ತಿರುತ್ತದೆ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಮನೆಗೆ ಕಳಿಸುವ ಪಾಠವನ್ನು ಬೇರೆಯೇ ಕಟ್ಟಬೇಕು, ಅಷ್ಟೇ.

ಹೃದಯದ ಪಾಠವನ್ನು ಆ ವಾರವೇ ಮತ್ತೆ ಮಾಡಿದೆ. ಬಡಿಯುವ ಹೃದಯ ಕೊಡಲು ಆಗಲಿಲ್ಲ. ಬಿಳಿ ಹಾಳೆಯ ಮೇಲೆ ಆರು ಚಿತ್ರ ಬರೆದೆ. ಒಂದೊಂದರಲ್ಲೂ ರಕ್ತ ಒಂದು ಹೆಜ್ಜೆ ಮುಂದೆ. ಒಂದೊಂದೂ 80 ಕೆಬಿಗೆ ಇಳಿಯಿತು. ಹತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದೆ. ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಸೇರಿಕೊಂಡಿತು, ತೆಗೆಯಲು ಆಗಲಿಲ್ಲ. ಒಟ್ಟು 2.3 ಎಂಬಿ. ಕಳಿಸಿದ ಮಾರನೇ ದಿನ ಮಧ್ಯಾಹ್ನ ಅವಳ ಮೆಸೇಜ್ ಬಂತು. ‘ಸರ್, ನಾಲ್ಕನೇ ಚಿತ್ರದಲ್ಲಿ ಬಾಣ ಉಲ್ಟಾ ಇದೆ ಅನ್ಸತ್ತೆ, ರಕ್ತ ಶ್ವಾಸಕೋಶದಿಂದ ವಾಪಸ್ ಬರಬೇಕಲ್ವಾ?’

ನೋಡಿದೆ. ಅವಳು ಹೇಳಿದ್ದು ಸರಿ ಇತ್ತು.